ಅರಸನಿಲ್ಲದ ನಿಯಮ: ಬಿಟ್‌ಕಾಯಿನ್ ಬ್ಲಾಕ್ ಗಾತ್ರದ ವಿವಾದವನ್ನು ಕುರಿತು

ತನಗೆ ಅಧಿಪತಿಯೇ ಬೇಡವೆಂದು ಸಂಕಲ್ಪಿಸಿ ಹುಟ್ಟಿದ ಒಂದು ಸಮುದಾಯವು, ತನ್ನ ವ್ಯವಹಾರವನ್ನೆಲ್ಲ ಗಣಿತದ ನಿಯಮಗಳಿಗೂ ಯಂತ್ರಗಳ ಸಾಕ್ಷ್ಯಕ್ಕೂ ಒಪ್ಪಿಸಿಬಿಟ್ಟ ಬಳಿಕ, ಆ ನಿಯಮಗಳಲ್ಲೊಂದನ್ನು ತಿದ್ದಬೇಕಾದ ಪ್ರಸಂಗ ಒದಗಿದಾಗ, ತಿದ್ದುವ ಅಧಿಕಾರ ಯಾರದೆಂಬ ಪ್ರಶ್ನೆಗೆ ಏನೆಂದು ಉತ್ತರ ಕೊಟ್ಟೀತು? ೨೦೧೫ರಿಂದ ೨೦೧೭ರ ಕೊನೆಯವರೆಗೆ ಬಿಟ್‌ಕಾಯಿನ್ ಬಳಗವನ್ನು ಸೀಳಿದ ಬ್ಲಾಕ್ ಗಾತ್ರದ ವಿವಾದವನ್ನು ಈ ಪ್ರಶ್ನೆಯ ಬೆಳಕಿನಲ್ಲಿಯೇ ಪರಿಶೀಲಿಸಬೇಕೆಂಬುದು ನನ್ನ ಅಪೇಕ್ಷೆ. ನಮ್ಮ ಪತ್ರಿಕೆಗಳಲ್ಲಿ ಈ ನಾಣ್ಯದ ಪ್ರಸ್ತಾಪ ಬರುವುದು ಬಹುಮಟ್ಟಿಗೆ ಬೆಲೆಯ ಏರಿಳಿತವನ್ನೋ ವಂಚನೆಯ ಮೊಕದ್ದಮೆಯನ್ನೋ ತೆರಿಗೆಯ ದರವನ್ನೋ ಕುರಿತು. ಅದರ ಒಳಗಣ ರಾಜಕಾರಣವಾದರೋ ಅದರ ಬೆಲೆಗಿಂತ ಎಷ್ಟೋ ಪಾಲು ವಿಚಾರಾರ್ಹವಾದುದು.

ವಿಷಯದ ಪರಿಚಯವಿಲ್ಲದವರಿಗಾಗಿ ಅದರ ರಚನೆಯನ್ನು ಸಂಕ್ಷೇಪವಾಗಿ ಹೇಳುವುದು ಅವಶ್ಯ. ಸತೋಶಿ ನಕಮೊಟೊ ಎಂಬ ಹೆಸರಿನ ಮರೆಯಲ್ಲಿದ್ದವರು ೨೦೦೮ರ ಅಕ್ಟೋಬರ್ ೩೧ರಂದು ಒಂಬತ್ತು ಪುಟಗಳ ಒಂದು ಪ್ರಬಂಧವನ್ನು ಪ್ರಕಟಿಸಿದರು. ೨೦೦೯ರ ಜನವರಿ ೩ರಂದು ಅದರಂತೆ ಕಾರ್ಯವು ಆರಂಭವಾಯಿತು. ಎಲ್ಲರಿಗೂ ಸೇರಿ ಒಂದೇ ಖಾತೆ-ಕಿರ್ದಿ. ಸುಮಾರು ಹತ್ತು ನಿಮಿಷಗಳಿಗೊಮ್ಮೆ ಅದಕ್ಕೆ ಬ್ಲಾಕ್ ಎಂಬ ಹೊಸ ಪುಟವೊಂದು ಸೇರುತ್ತದೆ. ಅಪಾರ ವಿದ್ಯುಚ್ಛಕ್ತಿಯನ್ನು ವ್ಯಯಮಾಡಿ ಆ ಪುಟವನ್ನು ಸೇರಿಸುವವರು ಮೈನರುಗಳು. ಆ ಪುಟವು ನಿಯಮಾನುಸಾರವಾಗಿದೆಯೇ ಎಂದು ತಮ್ಮ ತಮ್ಮ ಯಂತ್ರಗಳಲ್ಲಿ ಪರೀಕ್ಷಿಸಿ, ಇದ್ದರೆ ಅಂಗೀಕರಿಸಿ, ಇಲ್ಲದಿದ್ದರೆ ತಳ್ಳಿಹಾಕುವವರು ನೋಡುಗಳನ್ನು ನಡೆಸುವ ಸಾಮಾನ್ಯರು. ಈ ಎಲ್ಲ ಯಂತ್ರಗಳ ತಂತ್ರಾಂಶವನ್ನು ಬರೆದು ತಿದ್ದುವವರು ಸಂಬಳದ ಹಂಗಿನಲ್ಲಿಯೂ ಇಲ್ಲದೆಯೂ ದುಡಿಯುವ ಕೆಲವೇ ಮಂದಿ ಪ್ರೋಗ್ರಾಮರುಗಳು. ಈ ಮೂವರಲ್ಲಿ ಯಾರು ಯಾರಿಗೆ ಅಧೀನರೆಂಬುದನ್ನು ಆ ಪ್ರಬಂಧವು ಎಲ್ಲಿಯೂ ವಿಧಿಸಿರಲಿಲ್ಲ.

ವಿವಾದದ ಬೀಜವು ತಂತ್ರಾಂಶದ ಒಂದು ಸಾಲಿನಲ್ಲಿತ್ತು. ಯಾವ ಬ್ಲಾಕೂ ಹತ್ತು ಲಕ್ಷ ಬೈಟುಗಳನ್ನು ಮೀರತಕ್ಕದ್ದಲ್ಲವೆಂಬ ಆ ಮಿತಿಯನ್ನು ೨೦೧೦ರಲ್ಲಿ ಸತೋಶಿಯವರೇ ಘೋಷಣೆಯಿಲ್ಲದೆ, ಕಾರಣವನ್ನೂ ಬರೆದಿಡದೆ ಸೇರಿಸಿದರು. ಮುಂದೆ ಬೇಕಾದಾಗ ಇಂಥದೊಂದು ಬ್ಲಾಕಿನ ಸಂಖ್ಯೆಯಿಂದಾಚೆಗೆ ಅದನ್ನು ಹೆಚ್ಚಿಸಬಹುದೆಂದು ಅದೇ ವರ್ಷ ಸೂಚಿಸಿಯೂ ಸೂಚಿಸಿದರು. ೨೦೧೧ರಲ್ಲಿ ಕಾರ್ಯಕ್ಷೇತ್ರದಿಂದಲೇ ಅಂತರ್ಧಾನರಾದರು. ಬಳಸುವವರು ವಿರಳರಾಗಿದ್ದ ಕಾಲದಲ್ಲಿ ಆ ಸಾಲು ಯಾರ ಕಣ್ಣಿಗೂ ಬೀಳದೆ ಇದ್ದಿತು. ಬಳಕೆ ಬೆಳೆದಂತೆಲ್ಲ ಅದರ ಅರ್ಥ ಪ್ರಕಟವಾಯಿತು: ಲೋಕಕ್ಕೆಲ್ಲ ನಗದಾಗಬೇಕೆಂದು ಹೊರಟ ಈ ವ್ಯವಸ್ಥೆಯು ಸೆಕೆಂಡಿಗೆ ಹೆಚ್ಚೆಂದರೆ ಏಳು ವ್ಯವಹಾರಗಳನ್ನು, ವಾಸ್ತವದಲ್ಲಿ ಅದಕ್ಕೂ ಕಡಿಮೆಯನ್ನು, ದಾಖಲಿಸಬಲ್ಲದಾಗಿತ್ತು.

ಸತೋಶಿಯವರ ನಂತರ ತಂತ್ರಾಂಶದ ಹೊಣೆ ಹೊತ್ತ ಗ್ಯಾವಿನ್ ಆಂಡ್ರೆಸೆನ್ ಅವರು ೨೦೧೪ರಲ್ಲಿ ಆ ಹೊಣೆಯನ್ನು ವ್ಲಾಡಿಮಿರ್ ವಾನ್ ಡೆರ್ ಲಾನ್ ಅವರಿಗೆ ವಹಿಸಿಕೊಟ್ಟರು. ೨೦೧೫ರ ಮೇ ತಿಂಗಳಿನಲ್ಲಿ ಮಿತಿಯನ್ನು ೨೦ ಮೆಗಾಬೈಟುಗಳಿಗೆ ಏರಿಸಬೇಕೆಂದು ಬಹಿರಂಗವಾಗಿ ವಾದಿಸಿದರು. ಸಹೋದ್ಯೋಗಿಗಳಲ್ಲಿ ಬಹುಮಂದಿ ಒಪ್ಪಲಿಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ಮೈಕ್ ಹರ್ನ್ ಅವರೊಡಗೂಡಿ ಬಿಟ್‌ಕಾಯಿನ್ ಎಕ್ಸ್‌ಟಿ ಎಂಬ ಪ್ರತ್ಯೇಕ ತಂತ್ರಾಂಶವನ್ನು ಅವರು ಹೊರತಂದರು: ೧,೦೦೦ ಬ್ಲಾಕುಗಳಲ್ಲಿ ೭೫೦ ಸಮ್ಮತಿಯನ್ನು ಸೂಚಿಸಿದಲ್ಲಿ ಮಿತಿಯು ೮ ಮೆಗಾಬೈಟಾಗತಕ್ಕದ್ದು, ಎರಡು ವರ್ಷಗಳಿಗೊಮ್ಮೆ ಇಮ್ಮಡಿಸುತ್ತ ೨೦೩೬ರ ಹೊತ್ತಿಗೆ ಸುಮಾರು ೮ ಗಿಗಾಬೈಟನ್ನು ಮುಟ್ಟತಕ್ಕದ್ದು.

ಮಿತಿಯನ್ನು ಹಿಗ್ಗಿಸಬಾರದೆಂದವರ ವಾದವನ್ನು ಮೊದಲು ಪರಿಶೀಲಿಸೋಣ. ಅದು ಮೇಲುನೋಟಕ್ಕೆ ಜಿಪುಣತನದಂತೆ ತೋರುವುದಾದುದರಿಂದ ಅದಕ್ಕೆ ಹೆಚ್ಚಿನ ತಾಳ್ಮೆ ಸಲ್ಲಬೇಕು. ದಿನವೊಂದಕ್ಕೆ ೧೪೪ ಬ್ಲಾಕುಗಳು. ಒಂದೊಂದೂ ೧ ಮೆಗಾಬೈಟಾದರೆ ದಿನಕ್ಕೆ ೧೪೪ ಮೆಗಾಬೈಟು, ವರ್ಷಕ್ಕೆ ಸುಮಾರು ೫೨ ಗಿಗಾಬೈಟು. ೨೦ ಮೆಗಾಬೈಟಿನ ಬ್ಲಾಕುಗಳು ತುಂಬಿ ಬಂದರೆ ದಿನಕ್ಕೆ ಮೂರು ಗಿಗಾಬೈಟಿನ ಸಮೀಪ, ವರ್ಷಕ್ಕೆ ಒಂದು ಟೆರಾಬೈಟಿಗೂ ಮಿಗಿಲು. ೮ ಗಿಗಾಬೈಟಿನದಾದರೆ ಪ್ರತಿದಿನವೂ ಒಂದು ಟೆರಾಬೈಟನ್ನು ಮೀರಿದ ರಾಶಿ. ಈ ಲೆಕ್ಕವನ್ನು ಕ್ಯಾಲಿಫೋರ್ನಿಯಾದಲ್ಲಿ ಕುಳಿತು ನೋಡುವುದು ಬೇರೆ, ಕಡ್ಡಿರಾಂಪುರದಲ್ಲಿ ಕುಳಿತು ನೋಡುವುದು ಬೇರೆ. ೨೦೧೬ರ ಸೆಪ್ಟೆಂಬರಿನಲ್ಲಿ ಜಿಯೊ ಬರುವುದಕ್ಕೆ ಮೊದಲು ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯ ಈ ಹಳ್ಳಿಗಳಲ್ಲಿ ಒಂದು ಗಿಗಾಬೈಟನ್ನು ಇಡೀ ತಿಂಗಳಿಗೆ ಒದಗಿಸಿಕೊಳ್ಳುವುದೇ ವಾಡಿಕೆಯಾಗಿದ್ದಿತು. ಅಂದಿನ ಆ ಪ್ರಸ್ತಾವವು ಗೆದ್ದಿದ್ದರೆ ಇಲ್ಲಿಯ ಒಬ್ಬ ಕಾಲೇಜು ಹುಡುಗನು ತನ್ನ ಹಳೆಯ ಕಂಪ್ಯೂಟರಿನಲ್ಲಿ ಆ ಖಾತೆಯನ್ನು ತಾನೇ ಪರೀಕ್ಷಿಸುವ ಮಾತು ಅಂದಿಗೇ ಮುಗಿಯುತ್ತಿತ್ತು.

ತಾನೇ ಪರೀಕ್ಷಿಸುವುದರಲ್ಲಿ ಅಂಥ ಮಹತ್ತ್ವವೇನೆಂದು ಕೇಳಬಹುದು. ನಮ್ಮ ಊರಿನ ಸುತ್ತಣ ಬಾಳೆ, ಕಬ್ಬು, ಭತ್ತದ ಗದ್ದೆಗಳಿಗೆ ನೀರುಣಿಸುವ ಕಾಲುವೆಗಳು ವಿಜಯನಗರದ ಅರಸರ ಕಾಲದವು. ಇಂದು ಅವುಗಳಿಗೆ ನೀರು ತುಂಗಭದ್ರಾ ಜಲಾಶಯದ ವ್ಯವಸ್ಥೆಯಿಂದ ಬರುತ್ತದೆ. ಅಚ್ಚುಕಟ್ಟಿನ ಮೇಲ್ಭಾಗದವನಿಗೂ ಕೊನೆಭಾಗದವನಿಗೂ ನಡುವೆ ಎಂದಿನಿಂದಲೂ ಇರುವ ಜಗಳದಲ್ಲಿ ಕೊನೆಭಾಗದ ರೈತನಿಗೆ ಇರುವ ಏಕಮಾತ್ರ ಬಲ ಯಾವುದೆಂದರೆ, ತೂಬಿನ ಬಳಿಗೆ ತಾನೇ ನಡೆದುಹೋಗಿ ಎಷ್ಟು ನೀರು ಹರಿಯುತ್ತಿದೆಯೆಂಬುದನ್ನು ಕಣ್ಣಾರೆ ಕಂಡು ಬರಬಲ್ಲನೆಂಬುದು. ನೀರುಗಂಟಿಯ ಮಾತಿಗೆ ಪ್ರಾಮಾಣ್ಯ ಉಳಿದಿರುವುದು ಆ ಮಾತನ್ನು ಯಾರಾದರೂ ಹೋಗಿ ಪರೀಕ್ಷಿಸಬಹುದೆಂಬ ಕಾರಣದಿಂದ. ತೂಬಿನ ಸುತ್ತ ಗೋಡೆ ಎದ್ದು, ಒಳಗೆ ಹೋಗುವ ಸಾಮರ್ಥ್ಯ ನಾಲ್ಕಾರು ಶ್ರೀಮಂತರಿಗೆ ಮಾತ್ರ ಉಳಿದರೆ, ಕಾಲುವೆಯಲ್ಲಿ ಹೆಚ್ಚು ನೀರು ಹರಿಯುತ್ತಿದೆಯೆಂಬ ಆಶ್ವಾಸನೆಯನ್ನು ಕೊನೆಭಾಗದವನು ಬರಿಯ ನಂಬಿಕೆಯ ಮೇಲೆ ಸ್ವೀಕರಿಸಬೇಕಾದೀತು. ಬಿಟ್‌ಕಾಯಿನ್ನಿನ ನೋಡುಗಾರನಿಗೆ ಇದಕ್ಕಿಂತಲೂ ಹೆಚ್ಚಿನ ಬಲವಿದೆ: ಅವನು ಕಾಣುವುದಷ್ಟೇ ಅಲ್ಲ, ಒಪ್ಪದ ಬ್ಲಾಕನ್ನು ತಳ್ಳಿಯೂ ಹಾಕಬಲ್ಲನು. ಆ ಬಲವನ್ನು ವ್ಯವಹಾರಗಳ ವೇಗಕ್ಕಾಗಿ ಮಾರಿಕೊಳ್ಳಬಾರದೆಂಬ ಚಿಕ್ಕ ಬ್ಲಾಕಿನವರ ಹಟವು ಸಾಧುವಾದ ಹಟವೆಂದೇ ನನ್ನ ನಿರ್ಣಯ.

ಆದರೆ ಎದುರು ಪಕ್ಷದವರನ್ನು ಲೋಭಿಗಳೆಂದೂ ಅಜ್ಞರೆಂದೂ ತಳ್ಳಿಹಾಕಿದುದು ಅನ್ಯಾಯ. ಮೂಲ ಪ್ರಬಂಧದ ಶೀರ್ಷಿಕೆಯೇ ಇದನ್ನು ನಗದಿನ ವ್ಯವಸ್ಥೆಯೆಂದು ಕರೆದಿತ್ತು. ಸಣ್ಣ ಮೊತ್ತವನ್ನು ಮಧ್ಯವರ್ತಿಯಿಲ್ಲದೆ ಬಡವನೂ ಕಳುಹಿಸಬಲ್ಲನೆಂಬ ಭರವಸೆಯಿಂದಲೇ ಸಾವಿರಾರು ಜನ ಈ ಬಳಗವನ್ನು ಸೇರಿದ್ದರು. ಅವರಿಗೆ ಮಿತಿಯು ತಾತ್ಕಾಲಿಕವೆಂದೇ ತಿಳಿಸಲಾಗಿತ್ತು. ತಾತ್ಕಾಲಿಕವಾದುದನ್ನು ಶಾಶ್ವತವೆಂದು ಸಾರಿದವರೇ ಒಪ್ಪಂದವನ್ನು ಮುರಿದವರೆಂಬ ಅವರ ಆಕ್ಷೇಪಣೆಗೆ ತೃಪ್ತಿಕರವಾದ ಉತ್ತರವನ್ನು ನಾನು ಇದುವರೆಗೂ ಎಲ್ಲಿಯೂ ಓದಿಲ್ಲ. ೨೦೧೭ರ ಡಿಸೆಂಬರಿನ ಉತ್ತರಾರ್ಧದಲ್ಲಿ ಒಂದು ವ್ಯವಹಾರದ ಸರಾಸರಿ ಶುಲ್ಕವು ಐವತ್ತು ಡಾಲರುಗಳನ್ನು ಮೀರಿದಾಗ, ಎಂದರೆ ನಮ್ಮ ಹಣದಲ್ಲಿ ಮೂರು ಸಾವಿರ ರೂಪಾಯಿಗಳನ್ನು ದಾಟಿದಾಗ, ಎರಡು ಸಾವಿರ ರೂಪಾಯಿಯನ್ನು ಮನೆಗೆ ಕಳುಹಿಸಬೇಕೆಂಬವನಿಗೆ ಈ ನಾಣ್ಯದಿಂದ ಏನು ಪ್ರಯೋಜನವಾದೀತು?

ಎರಡು ಪಕ್ಷಗಳಲ್ಲಿಯೂ ಸತ್ಯಾಂಶವಿದ್ದ ಇಂಥ ವಿವಾದವು ಸಜ್ಜನೋಚಿತವಾಗಿ ನಡೆಯಬಹುದಾಗಿತ್ತು, ನಡೆಯಲಿಲ್ಲ. ೨೦೧೩ರ ಮಾರ್ಚ್ ತಿಂಗಳಲ್ಲಿ ತಂತ್ರಾಂಶದ ಹಳೆಯ ಆವೃತ್ತಿಗೂ ಹೊಸ ಆವೃತ್ತಿಗೂ ಹೊಂದಿಕೆ ತಪ್ಪಿ ಖಾತೆಯು ಆಕಸ್ಮಿಕವಾಗಿ ಎರಡು ಕವಲಾದಾಗ, ದೊಡ್ಡ ಮೈನರುಗಳು ತಮ್ಮ ನಷ್ಟವನ್ನೂ ಲೆಕ್ಕಿಸದೆ ಕೆಲವೇ ಗಂಟೆಗಳಲ್ಲಿ ಹಳೆಯ ಆವೃತ್ತಿಗೆ ಮರಳಿ ಐಕ್ಯವನ್ನು ಉಳಿಸಿದ್ದರು. ಎರಡೇ ವರ್ಷಗಳ ನಂತರ ಅದೇ ಬಳಗದಲ್ಲಿ ಎಕ್ಸ್‌ಟಿ ನಡೆಸುವವರ ಯಂತ್ರಗಳ ಮೇಲೆ ಪ್ರವಾಹದೋಪಾದಿಯಲ್ಲಿ ಸಂದೇಶಗಳನ್ನು ಕಳುಹಿಸಿ ಅವು ನಿಷ್ಕ್ರಿಯವಾಗುವಂತೆ ಮಾಡಲಾಯಿತು. ಆ ತಂತ್ರಾಂಶದ ಪರವಾದ ಮಾತನ್ನು ಚರ್ಚೆಯ ಮುಖ್ಯ ಸ್ಥಾನಗಳಿಂದಲೇ ಹೊರಗಟ್ಟಲಾಯಿತು. ನಿರ್ಬಂಧರಹಿತವಾದ ಹಣವನ್ನು ಲೋಕಕ್ಕೆ ಕೊಡಲು ಹೊರಟವರು ನಿರ್ಬಂಧರಹಿತವಾದ ಮಾತಿಗೆ ಹೆದರಿದುದು ಈ ಇತಿಹಾಸದ ಅತ್ಯಂತ ಕುಂದಾದ ಭಾಗ. ಗೆದ್ದ ಪಕ್ಷವು ನನಗೆ ಮಾನ್ಯವಾದ ಪಕ್ಷವೇ ಆದರೂ ಅದರ ಈ ನಡತೆಯನ್ನು ನಾನು ಸಮರ್ಥಿಸಲಾರೆನು. ಹರ್ನ್ ಅವರು ೨೦೧೬ರ ಜನವರಿಯಲ್ಲಿ ಈ ಪ್ರಯೋಗವೇ ವಿಫಲವಾಯಿತೆಂದು ಸಾರಿ ಬಳಗವನ್ನು ತೊರೆದರು. ಮರುತಿಂಗಳು ಹಾಂಕಾಂಗಿನಲ್ಲಿ ಮೈನರುಗಳೂ ಕೆಲವು ಪ್ರೋಗ್ರಾಮರುಗಳೂ ಮುಚ್ಚಿದ ಬಾಗಿಲಿನ ಹಿಂದೆ ಮಾಡಿಕೊಂಡ ಒಪ್ಪಂದವು, ಅಲ್ಲಿ ಇಲ್ಲದವರ ಪರವಾಗಿ ಮಾತು ಕೊಡಲು ಅಲ್ಲಿದ್ದವರಿಗೆ ಅಧಿಕಾರವಿರಲಿಲ್ಲವಾದುದರಿಂದ, ಸ್ವಲ್ಪ ಕಾಲದಲ್ಲಿಯೇ ನಿರರ್ಥಕವಾಯಿತು.

ಇಷ್ಟರ ನಡುವೆಯೂ ಒಂದು ಉಜ್ಜ್ವಲವಾದ ಕಲ್ಪನೆ ಹುಟ್ಟಿತೆಂಬುದನ್ನು ಮರೆಯಲಾಗದು. ೨೦೧೫ರ ಡಿಸೆಂಬರಿನಲ್ಲಿ ಪೀಟರ್ ವುಯ್ಲೆ ಅವರು ಹಾಂಕಾಂಗಿನ ಸಮ್ಮೇಳನದಲ್ಲಿ ಮಂಡಿಸಿದ ಸೆಗ್‌ವಿಟ್ ಯೋಜನೆಯು, ವ್ಯವಹಾರದ ರುಜುಗಳನ್ನು ಮುಖ್ಯ ಭಾಗದಿಂದ ಬೇರ್ಪಡಿಸಿ ಬೇರೊಂದು ಅಳತೆಯಿಂದ ತೂಗುವುದರ ಮೂಲಕ, ಹಳೆಯ ಯಂತ್ರಗಳನ್ನು ಅಮಾನ್ಯಗೊಳಿಸದೆಯೇ ಬ್ಲಾಕಿನ ಧಾರಣಶಕ್ತಿಯನ್ನು ಸರಿಸುಮಾರು ಇಮ್ಮಡಿಗೊಳಿಸುವ ಉಪಾಯವಾಗಿತ್ತು. ಅದು ಜಾರಿಗೆ ಬರಲು ೨,೦೧೬ ಬ್ಲಾಕುಗಳ ಒಂದು ಅವಧಿಯಲ್ಲಿ ಶೇಕಡ ೯೫ರಷ್ಟು ಮೈನರುಗಳ ಸಮ್ಮತಿ ಬೇಕೆಂದು ಯೋಜಕರು ಸದ್ಭಾವದಿಂದ ಗೊತ್ತುಪಡಿಸಿದರು. ಸದ್ಭಾವದ ಆ ಏರ್ಪಾಟೇ ಮೈನರುಗಳ ಕೈಗೆ ತಡೆಹಿಡಿಯುವ ಅಧಿಕಾರವನ್ನು ಕೊಟ್ಟಂತಾಗಿ, ಯೋಜನೆಯು ತಿಂಗಳುಗಟ್ಟಲೆ ಮೂರನೆಯ ಒಂದು ಭಾಗದಷ್ಟು ಸಮ್ಮತಿಯ ಸುತ್ತ ಮುತ್ತಲೇ ನಿಂತುಬಿಟ್ಟಿತು.

ಆಗ ಬಂದುದು ೨೦೧೭ರ ಮೇ ೨೩ರ ನ್ಯೂಯಾರ್ಕ್ ಒಪ್ಪಂದ. ೨೨ ದೇಶಗಳ ೫೮ ಸಂಸ್ಥೆಗಳು, ಮೈನಿಂಗ್ ಸಾಮರ್ಥ್ಯದ ಶೇಕಡ ೮೩ಕ್ಕೂ ಹೆಚ್ಚನ್ನು ತಮ್ಮ ಕಡೆಯಲ್ಲಿಟ್ಟುಕೊಂಡು, ಮೊದಲು ಸೆಗ್‌ವಿಟ್ ಆಗಲಿ, ಅದಾದ ಆರು ತಿಂಗಳೊಳಗೆ ಮಿತಿಯು ೨ ಮೆಗಾಬೈಟಾಗಲಿ ಎಂದು ನಿಶ್ಚಯಿಸಿದವು. ಆ ಪಟ್ಟಿಯಲ್ಲಿ ನಮ್ಮ ಬೆಂಗಳೂರಿನ ಸಂಸ್ಥೆಯೊಂದರ ಹೆಸರೂ ಇದೆ: ೨೦೧೩ರಲ್ಲಿ ಆರಂಭವಾದ ಯುನೊಕಾಯಿನ್. ಕರ್ನಾಟಕದ ನೆಲದಿಂದ ಈ ಜಾಗತಿಕ ವಿವಾದದ ಪತ್ರಕ್ಕೆ ಬಿದ್ದ ಆ ರುಜುವನ್ನು ನಾನು ಆಸಕ್ತಿಯಿಂದ ಗಮನಿಸಿದ್ದೇನೆ. ಅದರ ಹಿಂದೆ ದುರುದ್ದೇಶವಿತ್ತೆಂದು ನಾನು ಎಣಿಸುವುದಿಲ್ಲ. ಶುಲ್ಕವು ದಿನದಿನಕ್ಕೆ ಏರುತ್ತಿದ್ದ ಕಾಲದಲ್ಲಿ ಗ್ರಾಹಕರ ಮುಖ ನೋಡಬೇಕಾದ ವ್ಯಾಪಾರಿಯು ಜಗಳವು ಹೇಗಾದರೂ ಬಗೆಹರಿಯಲೆಂದು ಬಯಸುವುದು ಸಹಜವೇ ಸರಿ. ಅಲ್ಲಿದ್ದ ದೋಷವು ರುಜು ಹಾಕಿದವರ ಶೀಲದ್ದಲ್ಲ, ಒಪ್ಪಂದದ ಕಲ್ಪನೆಯದು. ಎರಡು ಕೋಟಿ ವ್ಯಾಲೆಟುಗಳನ್ನು ಹೊಂದಿದ ಗ್ರಾಹಕರನ್ನು ಪ್ರತಿನಿಧಿಸುತ್ತೇವೆಂದು ಸಂಸ್ಥೆಗಳು ಹೇಳಿಕೊಂಡವು. ಬೆಂಗಳೂರಿನಲ್ಲಾಗಲಿ ಬ್ಯೂನಸ್ ಐರಿಸಿನಲ್ಲಾಗಲಿ ಆ ಗ್ರಾಹಕರಲ್ಲಿ ಯಾರೊಬ್ಬರ ಮತವನ್ನು ಕೇಳುವ ಏರ್ಪಾಟೂ ಅಲ್ಲಿ ಇರಲಿಲ್ಲ. ಖಾತೆ ತೆರೆದವನು ತನ್ನ ಹಣವನ್ನು ಸಂಸ್ಥೆಯ ವಶಕ್ಕೆ ಕೊಟ್ಟಿದ್ದನೇ ಹೊರತು ತನ್ನ ಅಭಿಪ್ರಾಯವನ್ನಲ್ಲ.

ಅತ್ತ ಶಾವೊಲಿನ್‌ಫ್ರೈ ಎಂಬ ಗುಪ್ತನಾಮದ ವ್ಯಕ್ತಿಯೊಬ್ಬರು ಮುಂದಿಟ್ಟ ಸಲಹೆಯೊಂದು ಬಲಗೊಳ್ಳುತ್ತಿತ್ತು: ಆಗಸ್ಟ್ ೧ರ ನಂತರ ಸೆಗ್‌ವಿಟ್ಟಿಗೆ ಸಮ್ಮತಿಯನ್ನು ಸೂಚಿಸದ ಬ್ಲಾಕುಗಳನ್ನು ನೋಡುಗಾರರೇ ತಳ್ಳಿಹಾಕತಕ್ಕದ್ದು. ಸಂಖ್ಯೆಯಲ್ಲಿ ಅಲ್ಪರಾದ, ಬಂಡವಾಳದಲ್ಲಿ ದರಿದ್ರರಾದ ಈ ಜನರ ಬೆದರಿಕೆಯನ್ನು ಮೈನರುಗಳು ಉಪೇಕ್ಷಿಸಲಾರದೆ ಹೋದುದು ವಿಸ್ಮಯಕರವಾದ ಸಂಗತಿ. ಜುಲೈ ತಿಂಗಳಲ್ಲಿಯೇ ಅವರ ಸಮ್ಮತಿ ಬಂದಿತು. ಆಗಸ್ಟ್ ೨೪ರಂದು ೪,೮೧,೮೨೪ನೆಯ ಬ್ಲಾಕಿನಲ್ಲಿ ಸೆಗ್‌ವಿಟ್ ಜಾರಿಗೆ ಬಂದಿತು. ಒಪ್ಪದವರು ಆಗಸ್ಟ್ ೧ರಂದೇ ೮ ಮೆಗಾಬೈಟಿನ ಮಿತಿಯೊಡನೆ ಬಿಟ್‌ಕಾಯಿನ್ ಕ್ಯಾಶ್ ಎಂಬ ಬೇರೆ ನಾಣ್ಯವಾಗಿ ಕವಲೊಡೆದರು. ನ್ಯೂಯಾರ್ಕ್ ಒಪ್ಪಂದದ ದ್ವಿತೀಯಾರ್ಧವು ನವೆಂಬರ್ ೮ರಂದು, ಜಾರಿಗೆ ಬರಲು ಇನ್ನೇನು ಒಂದು ವಾರವಿರುವಾಗ, ಸಾಕಷ್ಟು ಸಹಮತವಿಲ್ಲವೆಂಬ ಕಾರಣದಿಂದ ಅದರ ನಾಯಕರಿಂದಲೇ ಕೈಬಿಡಲ್ಪಟ್ಟಿತು. ೫೮ ಸಂಸ್ಥೆಗಳ ರುಜುವೂ ಶೇಕಡ ೮೩ರ ಯಂತ್ರಬಲವೂ ಸೇರಿ ಒಂದು ಸಂಖ್ಯೆಯನ್ನು ಎರಡಾಗಿಸಲಾರದೆ ಹೋದವು.

ಈ ಫಲಿತಾಂಶವನ್ನು ನಾನು ಸ್ವಾಗತಿಸುತ್ತೇನೆ. ಆದರೆ ವಿಜಯೋತ್ಸಾಹದಲ್ಲಿ ಹೇಳಲ್ಪಡುವ ಒಂದು ಮಾತನ್ನು ಮಾತ್ರ ಒಪ್ಪಲಾರೆ. ಬಳಗವು ತನ್ನನ್ನು ತಾನೇ ಆಳಿಕೊಳ್ಳಲು ಕಲಿತಿತೆಂದು ಗೆದ್ದವರು ಹೇಳುತ್ತಾರೆ. ಅದು ಕಲಿತದ್ದು ಬೇಡವೆನ್ನುವ ಶಕ್ತಿಯನ್ನು; ಬೇಕಾದುದನ್ನು ನಿರ್ಧರಿಸುವ ವಿವೇಕಕ್ಕೆ ತಕ್ಕ ವ್ಯವಸ್ಥೆಯನ್ನು ಅದು ಅಂದೂ ಕಟ್ಟಲಿಲ್ಲ, ಇಂದಿಗೂ ಕಟ್ಟಿಲ್ಲ. ಸೆಗ್‌ವಿಟ್ ಜಾರಿಗೆ ಬಂದುದು ವಾದದಿಂದ ಮನವೊಲಿದಲ್ಲ; ಪರಸ್ಪರ ಭಯದಿಂದ. ಕವಲೊಡೆದು ಹೋದವರ ಚರಿತ್ರೆಯು ಇದಕ್ಕೆ ಇನ್ನೂ ದೊಡ್ಡ ಸಾಕ್ಷಿ: ಗಾತ್ರದ ಪ್ರಶ್ನೆಯನ್ನು ತಮಗೆ ಬೇಕಾದಂತೆ ಬಗೆಹರಿಸಿಕೊಂಡು ಹೋದ ಬಿಟ್‌ಕಾಯಿನ್ ಕ್ಯಾಶಿನವರು ೨೦೧೮ರ ನವೆಂಬರಿನಲ್ಲಿ ತಮ್ಮೊಳಗೇ ಒಡೆದರು, ೨೦೨೦ರ ನವೆಂಬರಿನಲ್ಲಿ ಮತ್ತೆ ಒಡೆದರು. ವಿವಾದದ ಮೂಲವು ಮೆಗಾಬೈಟಿನಲ್ಲಿರಲಿಲ್ಲವೆಂಬುದು ಅಲ್ಲಿಗೆ ನಿಸ್ಸಂದಿಗ್ಧವಾಯಿತು.

ಈ ಇತಿಹಾಸವನ್ನು ಎರಡು ಪಕ್ಷಗಳವರೂ ಗ್ರಂಥಸ್ಥವಾಗಿಸಿದ್ದಾರೆ. ಜೊನಾಥನ್ ಬಿಯರ್ ಅವರ ‘ದಿ ಬ್ಲಾಕ್‌ಸೈಜ್ ವಾರ್’ (೨೦೨೧) ಘಟನಾನುಕ್ರಮದಲ್ಲಿ ಶ್ರದ್ಧೆಯುಳ್ಳದ್ದು, ಎದುರಾಳಿಗಳ ಮನಸ್ಸನ್ನು ಹೊಕ್ಕು ನೋಡುವುದರಲ್ಲಿ ಕೃಪಣವಾದುದು. ರೋಜರ್ ವೆರ್ ಅವರು ಸ್ಟೀವ್ ಪ್ಯಾಟರ್ಸನ್ ಅವರೊಡನೆ ಬರೆದ ‘ಹೈಜಾಕಿಂಗ್ ಬಿಟ್‌ಕಾಯಿನ್’ (೨೦೨೪) ನೊಂದವರ ದೂರಿನ ತೀವ್ರತೆಯನ್ನು ಪಡೆದಿದೆ. ತಾತ್ಕಾಲಿಕವೆಂಬ ಭರವಸೆ ಭಂಗವಾದುದನ್ನು ಅದು ಸ್ಥಾಪಿಸುವ ಬಗೆ ಪರಿಣಾಮಕಾರಿಯಾದುದು. ಆದರೆ ಸೋಲಿಗೆಲ್ಲ ಕೆಲವರ ಸಂಚೇ ಕಾರಣವೆಂಬ ಅದರ ಸಿದ್ಧಾಂತಕ್ಕೆ ಸಾವಿರಾರು ನೋಡುಗಾರರ ಸ್ವಯಂಪ್ರೇರಿತ ನಿರಾಕರಣೆಯು ಹೊಂದಿಕೆಯಾಗುವುದಿಲ್ಲ. ಎರಡನ್ನೂ ಓದಿದವನಿಗೆ ಮಾತ್ರ ವಿವಾದದ ಪೂರ್ಣರೂಪ ದೊರೆತೀತು.

ನಮ್ಮವರಿಗೆ ತಂತ್ರಾಂಶದ ಭಿನ್ನಾಭಿಪ್ರಾಯಗಳು ಹೊಸವಲ್ಲ. ಕನ್ನಡದ ಕೀಲಿಮಣೆಯ ವಿನ್ಯಾಸ ಯಾವುದಿರಬೇಕೆಂಬ ಚರ್ಚೆ ನಡೆದು, ಕೊನೆಗೆ ಕೆ. ಪಿ. ರಾವ್ ಅವರ ವಿನ್ಯಾಸವನ್ನು ಕರ್ನಾಟಕ ಸರ್ಕಾರವು ಅಂಗೀಕರಿಸಿತು. ಒಪ್ಪದವರು ತಮ್ಮ ವಿನ್ಯಾಸದಲ್ಲಿಯೇ ಟೈಪು ಮಾಡುತ್ತ ಇದ್ದರು, ಯಾರಿಗೂ ಹಾನಿಯಾಗಲಿಲ್ಲ. ಹಣದ ವಿಷಯದಲ್ಲಿ ಇದು ಸಾಧ್ಯವಿಲ್ಲ. ನನ್ನ ಖಾತೆಯ ನಿಯಮವೇ ನಿನ್ನ ಖಾತೆಯ ನಿಯಮವೂ ಆಗದಿದ್ದರೆ ನಮ್ಮಿಬ್ಬರ ನಡುವಣ ಹಣವು ಹಣವಾಗಿ ಉಳಿಯುವುದಿಲ್ಲ. ಆದುದರಿಂದಲೇ ಇಲ್ಲಿ ಭಿನ್ನಮತವು ಬಹುಬೇಗ ದ್ವೇಷವಾಗುತ್ತದೆ.

ದಿನನಿತ್ಯದ ಸಣ್ಣ ಪಾವತಿಯ ಪ್ರಶ್ನೆಗೆ ನಮ್ಮ ದೇಶದಲ್ಲಿ ಉತ್ತರವು ಬೇರೆ ಕಡೆಯಿಂದ ಬಂದಿತು. ೨೦೧೬ರಲ್ಲಿ ಪ್ರಾರಂಭವಾದ ಯುಪಿಐ ಇಂದು ಹೊಸಪೇಟೆಯ ಮಾರುಕಟ್ಟೆಯ ಹೂವಿನ ಬುಟ್ಟಿಯವರೆಗೂ ಬಂದಿದೆ, ಕೊಳ್ಳುವವನಿಗೆ ಶುಲ್ಕವಿಲ್ಲ. ಬಿಟ್‌ಕಾಯಿನ್ನಿಗೋ ೨೦೧೮ರ ಏಪ್ರಿಲ್ ೬ರ ರಿಸರ್ವ್ ಬ್ಯಾಂಕಿನ ಸುತ್ತೋಲೆಯಿಂದ ಬ್ಯಾಂಕುಗಳ ಬಾಗಿಲು ಮುಚ್ಚಿತು. ೨೦೨೦ರ ಮಾರ್ಚ್ ೪ರಂದು ಸುಪ್ರೀಂ ಕೋರ್ಟು ಅದನ್ನು ರದ್ದುಗೊಳಿಸಿತಾದರೂ, ೨೦೨೨ರಿಂದ ಲಾಭದ ಮೇಲೆ ಶೇಕಡ ೩೦ರ ತೆರಿಗೆ ಬಿದ್ದಿದೆ. ಜೋಸೆಫ್ ಪೂನ್ ಮತ್ತು ಥಡ್ಡಿಯಸ್ ಡ್ರೈಜಾ ಅವರು ಕಲ್ಪಿಸಿದ ಲೈಟ್ನಿಂಗ್ ಜಾಲವು ಸಣ್ಣ ಪಾವತಿಗಳನ್ನು ಖಾತೆಯ ಹೊರಗೆ ನಡೆಸಿ ಅಂತಿಮ ಮೊತ್ತವನ್ನು ಮಾತ್ರ ಖಾತೆಗೆ ಸೇರಿಸುವ ಸುಂದರವಾದ ರಚನೆ. ಚಿಕ್ಕ ಬ್ಲಾಕಿನವರು ಅದರ ಮೇಲೆ ಇಟ್ಟಿದ್ದ ಭರವಸೆಯ ಪ್ರಮಾಣಕ್ಕೆ ಅದರ ಬಳಕೆ ಬೆಳೆಯಲಿಲ್ಲವೆಂಬುದನ್ನು ಅವರೇ ಒಪ್ಪಬೇಕು. ಹೀಗಿರುವಲ್ಲಿ ಹೂವಿನವಳಿಗಾಗಿ ಬ್ಲಾಕನ್ನು ಹಿಗ್ಗಿಸಬೇಕಿತ್ತೆಂಬ ವಾದವು ನಮ್ಮ ನಾಡಿನ ಮಟ್ಟಿಗಂತೂ ದುರ್ಬಲವಾಗಿದೆ. ಯಾರ ಅನುಮತಿಯೂ ಬೇಡದ, ಯಾರೂ ತಿದ್ದಲಾಗದ ಖಾತೆಯೊಂದು ಲೋಕದಲ್ಲಿರಬೇಕೆಂಬ ವಾದಕ್ಕೆ ಮಾತ್ರ ಯುಪಿಐ ಉತ್ತರವಾಗಲಾರದು. ಅದರ ನಿಯಮಗಳನ್ನು ಬದಲಿಸುವಾಗ ನನ್ನನ್ನಾಗಲಿ ಹೂವಿನವಳನ್ನಾಗಲಿ ಯಾರೂ ಕೇಳುವುದಿಲ್ಲ.

ಪ್ರಶ್ನೆಯು ಹಳೆಯದಾಗಿಲ್ಲ. ೨೦೨೩ರಿಂದ ಚಿತ್ರಗಳನ್ನೂ ಬರಹಗಳನ್ನೂ ಬ್ಲಾಕುಗಳಲ್ಲಿ ತುಂಬುವ ಪದ್ಧತಿ ಹಬ್ಬಿದ ಮೇಲೆ, ೨೦೨೫ರ ಅಕ್ಟೋಬರಿನಲ್ಲಿ ಹೊರಬಂದ ಬಿಟ್‌ಕಾಯಿನ್ ಕೋರ್ ತಂತ್ರಾಂಶದ ಮೂವತ್ತನೆಯ ಆವೃತ್ತಿಯು, ವ್ಯವಹಾರದೊಡನೆ ಸಾಗಿಸಬಹುದಾದ ಇತರ ಮಾಹಿತಿಗೆ ಇದ್ದ ಎಂಬತ್ತು ಬೈಟುಗಳ ಆಸುಪಾಸಿನ ಮಿತಿಯನ್ನು ಒಂದು ಲಕ್ಷಕ್ಕೆ ಏರಿಸಿತು. ಒಪ್ಪದವರು ನಾಟ್ಸ್ ಎಂಬ ಬೇರೆ ತಂತ್ರಾಂಶವನ್ನು ಅವಲಂಬಿಸಿದರು. ಇದು ಸಾಗಾಟದ ನಿಯಮವೇ ಹೊರತು ಖಾತೆಯ ನಿಯಮವಲ್ಲ. ಅಂಥ ಮಾಹಿತಿಯು ಬೇರೆ ದಾರಿಗಳಿಂದ, ಇನ್ನೂ ಹೆಚ್ಚು ಹಾನಿಕರವಾದ ರೂಪದಲ್ಲಿ, ಒಳಬರುತ್ತಿದ್ದುದೂ ನಿಜ. ತಾಂತ್ರಿಕವಾಗಿ ಕೋರ್ ತಂಡದ ಪಕ್ಷವೇ ಸಮರ್ಪಕವೆಂದು ನನಗೆ ತೋರುತ್ತದೆ. ಆದರೆ ನೋಡುಗಾರನ ನಿರಾಕರಣೆಯನ್ನು ೨೦೧೭ರಲ್ಲಿ ಸ್ವಾತಂತ್ರ್ಯವೆಂದು ಕೊಂಡಾಡಿದವರಲ್ಲಿ ಕೆಲವರು ಅದೇ ನಿರಾಕರಣೆಯನ್ನು ಈಗ ತಿಳಿವಳಿಕೆಯಿಲ್ಲದವರ ಗದ್ದಲವೆನ್ನುತ್ತಿದ್ದಾರೆ. ಆ ಮಾತನ್ನು ಅವರು ಹಿಂತೆಗೆದುಕೊಂಡು, ಮಿತಿಯನ್ನು ಏರಿಸಿದುದಕ್ಕೆ ಕಾರಣಗಳನ್ನು ಹಳ್ಳಿಯಲ್ಲಿ ನೋಡು ನಡೆಸುವವನಿಗೂ ತಿಳಿಯುವ ಭಾಷೆಯಲ್ಲಿ ಬರೆದು ಮುಂದಿಡಬೇಕು. ೨೦೧೦ರಲ್ಲಿ ಸತೋಶಿಯವರು ಆ ಒಂದು ಸಾಲಿನ ಬಗೆಗೆ ಮಾಡದೆ ಬಿಟ್ಟುಹೋದ ಕೆಲಸವೂ ಅದೇ.